ಅಡಿಕೆಯ ಧಾರಣೆಗೆ ಬೆಳೆಗಾರನ ದನಿ: ವಾರಣಾಶಿ ಸುಬ್ರಾಯ ಭಟ್ಟರ ನೆನಪು

ಜೂನ್ ತಿಂಗಳ ಮಳೆಯೊಂದಿಗೆ ಶಾಲೆಗಳ ಬಾಗಿಲು ತೆರೆಯುತ್ತದೆ. ಪುಸ್ತಕ, ಸಮವಸ್ತ್ರ, ಕೊಡೆ, ದೂರದ ಕಾಲೇಜಿಗೆ ಸೇರುವ ಹಿರಿಯ ಮಗಳ ಹಾಸ್ಟೆಲ್ ಶುಲ್ಕ, ಇವೆಲ್ಲವೂ ಒಂದೇ ವಾರದಲ್ಲಿ ಮನೆಯ ಯಜಮಾನನ ಮುಂದೆ ಬಂದು ನಿಲ್ಲುತ್ತವೆ. ಮಧುವಾಹಿನಿಯ ದಂಡೆಯ ಮಧೂರಿನಲ್ಲಾಗಲಿ, ಬದಿಯಡ್ಕ, ಪೆರ್ಲದ ಕಡೆಗಳಲ್ಲಾಗಲಿ, ಅಡಿಕೆ ತೋಟವನ್ನು ನೆಚ್ಚಿದ ಕುಟುಂಬಗಳಲ್ಲಿ ಆ ಹೊತ್ತಿಗೆ ಒಂದೆರಡು ಗೋಣಿ ಚಾಲಿ ಅಡಿಕೆ ಅಟ್ಟದಿಂದ ಕೆಳಗಿಳಿಯುವುದು ಹಿಂದಿನಿಂದ ನಡೆದುಬಂದ ರೂಢಿ. ಬೇಸಗೆಯಲ್ಲಿ ನಲವತ್ತು ದಿವಸ ಅಂಗಳದ ಬಿಸಿಲು ಕಂಡು, ಸುಲಿದು, ಗೋಣಿ ಸೇರಿದ ಆ ಅಡಿಕೆಯೇ ಇಲ್ಲಿನ ಬಹುಮಂದಿ ತಂದೆಯರ ಉಳಿತಾಯ ಖಾತೆ.

ಆ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಮಾತ್ರ ಬೇರೆಯವರು ನಿರ್ಧರಿಸುತ್ತಿದ್ದ ಕಾಲವೊಂದಿತ್ತು. ಬೆಳೆ ಈ ಕರಾವಳಿಯದು, ಚಾಲಿಯನ್ನು ಹೆಚ್ಚಾಗಿ ಬಳಸುವವರು ಉತ್ತರ ಭಾರತದವರು. ಎರಡರ ನಡುವಿನ ದಾರಿ ವ್ಯಾಪಾರಸ್ಥರದು. ಇಂದಿನ ಧಾರಣೆ ಏಕೆ ಇಷ್ಟು, ನಾಳೆ ಏಕೆ ಇಳಿಯಿತು ಎಂದು ಕೇಳಿದರೆ ಬೆಳೆಗಾರನಿಗೆ ಉತ್ತರ ದೊರೆಯುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಈ ಅಸಹಾಯಕತೆ ಪೂರ್ತಿಯಾಗಿ ಬಯಲಾಯಿತು. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಸಿಂಪಡಿಸಿ ಫಸಲನ್ನು ಕಾಯಲು ಬಲ್ಲ ಕೃಷಿಕನಿಗೆ, ಕಾದ ಫಸಲಿನ ಬೆಲೆಯನ್ನು ಕಾಯುವ ಉಪಾಯ ತಿಳಿದಿರಲಿಲ್ಲ.

ಆ ಉಪಾಯವನ್ನು ಹುಡುಕಲು ಹೊರಟವರಲ್ಲಿ ಮುಂದಾಳಾಗಿ ನಿಂತವರು ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು. ಚೆರ್ಕಳದಿಂದ ಬದಿಯಡ್ಕ, ಪೆರ್ಲಗಳನ್ನು ಹಾದು ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ, ಗಡಿ ದಾಟಿದೊಡನೆ ಸಿಗುವ ಊರು ಅಡ್ಯನಡ್ಕ. ಕಾಸರಗೋಡಿನ ತೋಟಗಳೂ ಬಂಟ್ವಾಳ, ಪುತ್ತೂರಿನ ತೋಟಗಳೂ ಅಲ್ಲಿಂದ ಸಮಾನ ಹತ್ತಿರ. ಬೆಳೆಗಾರನ ಸಮಸ್ಯೆ ರಾಜ್ಯದ ಗಡಿಯನ್ನು ನೋಡಿ ಬರುವುದಿಲ್ಲ ಎಂಬುದನ್ನು ಅಂಥ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬೊಬ್ಬನೇ ಮಾರಿದರೆ ಸೋಲು ಖಂಡಿತ, ಎಲ್ಲರೂ ಒಂದಾಗಿ ಮಾರಿದರೆ ಮಾರುಕಟ್ಟೆ ಕಿವಿಗೊಡಲೇಬೇಕು ಎಂಬ ವಿಚಾರವನ್ನು ಅವರು ಬೆಳೆಗಾರರ ಮುಂದಿಟ್ಟರು.

1973ರ ಜುಲೈ 11ರಂದು ಮಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನಿಟ್ಟುಕೊಂಡು ಸೆಂಟ್ರಲ್ ಅರೆಕಾನಟ್ ಮಾರ್ಕೆಟಿಂಗ್ ಅಂಡ್ ಪ್ರೊಸೆಸಿಂಗ್ ಕೋ-ಆಪರೇಟಿವ್ ಲಿಮಿಟೆಡ್ ಸ್ಥಾಪನೆಯಾಯಿತು. ನಮ್ಮ ಮನೆಮಾತಿನಲ್ಲಿ ಅದು ಕ್ಯಾಂಪ್ಕೊ. ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಕೇರಳ ಮತ್ತು ಕರ್ನಾಟಕ ಎರಡೂ ರಾಜ್ಯಗಳ ಬೆಳೆಗಾರರು ಒಂದೇ ಸಂಸ್ಥೆಯ ಸದಸ್ಯರಾದರು. ಆ ದಿನದ ಭೂಪಟವನ್ನು ನೆನೆದರೆ ಈ ಕಾರ್ಯದ ತೂಕ ತಿಳಿಯುತ್ತದೆ. ನೆರೆರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಕರ್ನಾಟಕವೆಂಬ ನಾಮಕರಣವಾದದ್ದು ಅದೇ ವರ್ಷದ ನವೆಂಬರ್ 1ರಂದು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಗೆ ಸೇರಿದ್ದು, ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. 1956ರ ವಿಂಗಡಣೆಯ ನೋವು ಗಡಿಯ ಮನೆಗಳಲ್ಲಿ ಇನ್ನೂ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಗಡಿಯ ಎರಡೂ ಬದಿಯ ಕೃಷಿಕರು ಒಂದು ಲೆಕ್ಕಪುಸ್ತಕದಲ್ಲಿ ಹೆಸರು ಬರೆಸಿದರು. ಭಾಷಣಗಳಿಂದ ಆಗದ ಒಂದು ಬಗೆಯ ಕೂಡುವಿಕೆ ಅಡಿಕೆಯ ಗೋಣಿಯಿಂದ ಆಯಿತು.

ಸಂಸ್ಥೆಯ ಕೆಲಸದ ಕ್ರಮ ಸರಳವಾದುದು, ಆದುದರಿಂದಲೇ ಗಟ್ಟಿಯಾದುದು. ಬೆಳೆಗಾರ ತನ್ನ ಅಡಿಕೆಯನ್ನು ಖರೀದಿ ಕೇಂದ್ರಕ್ಕೆ ತರುತ್ತಾನೆ. ಹೊಸದು, ಹಳೆಯದು, ಪಟೋರ, ಉಳ್ಳಿ, ಕರಿಗೋಟು ಎಂದು ಅವನ ಕಣ್ಣೆದುರೇ ದರ್ಜೆ ನಿರ್ಣಯವಾಗುತ್ತದೆ, ತೂಕವಾಗುತ್ತದೆ, ಪ್ರಕಟಿತ ದರದಂತೆ ಹಣ ಸಲ್ಲುತ್ತದೆ. ಇದರ ಫಲ ಸಂಸ್ಥೆಗೆ ಮಾರಿದವನಿಗೆ ಮಾತ್ರ ದೊರೆತದ್ದಲ್ಲ. ಕ್ಯಾಂಪ್ಕೊದ ದರ ಊರಿಗೆಲ್ಲ ತಿಳಿದ ಮೇಲೆ ಖಾಸಗಿ ಅಂಗಡಿಯವನೂ ಅದಕ್ಕಿಂತ ತೀರ ಕೆಳಗೆ ಕೇಳುವಂತಿರಲಿಲ್ಲ. ಒಮ್ಮೆಯೂ ಅದರ ಮೆಟ್ಟಿಲು ಹತ್ತದ ಸಣ್ಣ ತೋಟದವನ ಮನೆಯಲ್ಲೂ ಅದರ ದರವೇ ಮಾತಿಗೆ ಆಧಾರವಾಯಿತು.

ಎರಡನೆಯ ಪರೀಕ್ಷೆ ಕೋಕೋದ ರೂಪದಲ್ಲಿ ಬಂತು. ಅಡಿಕೆ ಮರಗಳ ನೆರಳಿನಲ್ಲಿ ಉಪಬೆಳೆಯಾಗಿ ಕೋಕೋ ಬೆಳೆಯಬಹುದೆಂಬ ಪ್ರೋತ್ಸಾಹದಿಂದ ನೂರಾರು ಮಂದಿ ಗಿಡ ನೆಟ್ಟಿದ್ದರು. ಗಿಡಗಳು ಫಲ ಕೊಡುವ ಹೊತ್ತಿಗೆ, 1970ರ ದಶಕದ ಕೊನೆಯಲ್ಲಿ, ಖರೀದಿ ಕೈಕೊಟ್ಟಿತು. ಕೋಕೋವನ್ನು ಅಡಿಕೆಯಂತೆ ಅಟ್ಟದಲ್ಲಿ ಇಟ್ಟು ಒಳ್ಳೆಯ ಧಾರಣೆಗೆ ಕಾಯಲಾಗದು. ಕಾಯಿ ಒಡೆದ ಮೇಲೆ ಹಸಿಬೀಜವನ್ನು ಕೂಡಲೇ ಹುಳಿಯಿಸಿ ಒಣಗಿಸದಿದ್ದರೆ ಅದು ಕೆಟ್ಟುಹೋಗುತ್ತದೆ. ಕೊಳ್ಳುವವರಿಲ್ಲದ ಬೆಳೆಯನ್ನು ನೋಡಲಾಗದೆ ಕೆಲವರು ಗಿಡಗಳನ್ನೇ ಕಡಿದು ಹಾಕಿದರು. ಅಡಿಕೆಗೆಂದೇ ಹುಟ್ಟಿದ ಸಂಸ್ಥೆ ಆಗ ಕೋಕೋ ಖರೀದಿಗೂ ಇಳಿಯಿತು. ಬೆಳೆಗಾರರ ಹೆಸರಿನಲ್ಲಿ ಕಟ್ಟಿದ ಸಂಸ್ಥೆ ಬೆಳೆಗಾರ ಅಳುವಾಗ ತನ್ನ ನಿಯಮಾವಳಿಯ ಮೊದಲ ಪುಟವನ್ನು ತೋರಿಸಿ ಜಾರಿಕೊಳ್ಳಲಿಲ್ಲ.

ಕೊಂಡ ಬೀಜವನ್ನು ಮಾರುವುದೂ ಕಷ್ಟವೆಂದು ಕಂಡಾಗ ಮುಂದಿನ ಹೆಜ್ಜೆ ಇನ್ನಷ್ಟು ದೊಡ್ಡದಾಯಿತು. ಬೀಜವನ್ನು ಪರರಿಗೆ ಮಾರುವ ಬದಲು ತಾವೇ ಚಾಕೊಲೇಟು ಮಾಡಿದರೇನು? 1986ರಲ್ಲಿ ಪುತ್ತೂರಿನ ಸಮೀಪ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕೊಲೇಟು ಕಾರ್ಖಾನೆ ಆರಂಭವಾಯಿತು. ಹುರಿಯುವುದು, ಸಿಪ್ಪೆ ತೆಗೆಯುವುದು, ಅರೆಯುವುದು, ಬೆಣ್ಣೆ ಬೇರ್ಪಡಿಸುವುದು, ಅಚ್ಚು ಹಾಕುವುದು, ಹೀಗೆ ದೊಡ್ಡ ಕಂಪನಿಗಳಿಗಷ್ಟೇ ಸಾಧ್ಯವೆಂದು ಭಾವಿಸಿದ್ದ ಕೆಲಸಗಳೆಲ್ಲ ಕೃಷಿಕರ ಒಡೆತನದಲ್ಲಿ ನಡೆದವು. ಶಾಲೆಯ ಬಳಿಯ ಅಂಗಡಿಯಲ್ಲಿ ಮಗುವೊಂದು ಕ್ಯಾಂಪ್ಕೊ ಚಾಕೊಲೇಟಿನ ಹೊದಿಕೆ ಬಿಡಿಸುವಾಗ, ಅದರಲ್ಲಿ ತನ್ನದೇ ಅಜ್ಜನ ತೋಟದ ಕೋಕೋ ಇರಬಹುದೆಂಬ ಮಾತು ಅತಿಶಯೋಕ್ತಿಯಲ್ಲ.

ಸುಬ್ರಾಯ ಭಟ್ಟರನ್ನು ಯಶಸ್ವೀ ಆಡಳಿತಗಾರರೆಂದು ಕರೆಯುವುದು ಸರಿಯೇ. ಆದರೆ ಆ ಯಶಸ್ಸಿನ ಬಗೆ ಬೇರೆ. ಖಾಸಗಿ ಉದ್ಯಮದಲ್ಲಿ ಲಾಭ ಒಡೆಯನ ಮನೆಗೆ ಹೋಗುತ್ತದೆ. ಸಹಕಾರಿ ಉದ್ಯಮದಲ್ಲಿ ಒಡೆಯರು ಸಾವಿರಾರು ಮಂದಿ, ಹತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಒಂದೇ ಮತ. ಅಂಥ ಮನೆಯ ಹಿರಿಯನಾಗುವುದು ಮಕ್ಕಳು ಹೆಚ್ಚಿರುವ ಕುಟುಂಬದ ತಂದೆಯಾದಂತೆ. ಎಲ್ಲರ ಮಾತನ್ನೂ ಕೇಳಬೇಕು, ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು, ಒಬ್ಬನ ತಟ್ಟೆಗೆ ಹೆಚ್ಚು ಬಡಿಸಿದರೆ ಇನ್ನೊಬ್ಬನ ಕಣ್ಣು ತಪ್ಪಿಸಲಾಗದು. ಮಂಗಳೂರಿನ ಮಿಷನ್ ಸ್ಟ್ರೀಟಿನಲ್ಲಿರುವ ಕ್ಯಾಂಪ್ಕೊದ ಪ್ರಧಾನ ಕಚೇರಿಗೆ ವಾರಣಾಶಿ ಟವರ್ಸ್ ಎಂದು ಹೆಸರು. ಅಡ್ಯನಡ್ಕದಲ್ಲಿ ಅದೇ ಮನೆತನದ ಹೆಸರಿನ ಸಂಶೋಧನಾ ಪ್ರತಿಷ್ಠಾನ ಸಾವಯವ ಕೃಷಿಯ ಕ್ಷೇತ್ರದಲ್ಲಿ ದುಡಿದಿದೆ. ಒಂದು ಮನೆಯ ಹೆಸರು ಮಾರುಕಟ್ಟೆಗೂ ಮಣ್ಣಿಗೂ ಏಕಕಾಲದಲ್ಲಿ ಅಂಟಿಕೊಂಡದ್ದು ವಿರಳ.

ಇಂದಿನ ಕಾಲವೂ ನಿಶ್ಚಿಂತೆಯದಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳು ತೋಟಗಳನ್ನು ಕಾಡುತ್ತಿವೆ. ಹೊರದೇಶದ ಅಡಿಕೆಯ ಆಮದು ಧಾರಣೆಯನ್ನು ಅಲುಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಇದು ಬೆಳೆಗಾರನಿಗೆ ರುಚಿಸದ ಮಾತಾದರೂ ಮಕ್ಕಳಿಂದ ಮರೆಮಾಚತಕ್ಕದ್ದಲ್ಲ. ಒಂದೇ ಬೆಳೆಯನ್ನು ನೆಚ್ಚಿದ ಮನೆ ಎಷ್ಟು ಕಾಲ ನಿಂತೀತು ಎಂಬ ಪ್ರಶ್ನೆಗೆ, ಅಡಿಕೆಯ ಬುಡದಲ್ಲಿ ಕೋಕೋವನ್ನು ಉಳಿಸಿಕೊಂಡ ಆ ತಲೆಮಾರು ಒಂದು ದಾರಿಯನ್ನಾದರೂ ತೋರಿಸಿದೆ.

ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಲ್ಲಿ ಅನೇಕರು ಇಂಥ ತೋಟಗಳ ಮನೆಗಳಿಂದ ಬಂದವರು. ಗಣಿತದ ತರಗತಿಯಲ್ಲಿ ಲಾಭನಷ್ಟದ ಲೆಕ್ಕ ಬರುವಾಗ ಅಧ್ಯಾಪಕರು ಅಪರಿಚಿತ ಅಂಗಡಿಯೊಂದರ ಬದಲು ಮನೆಯ ಗೋಣಿಯನ್ನೇ ಉದಾಹರಣೆಯಾಗಿ ಕೊಡಬಹುದು: ಇಷ್ಟು ಕಿಲೋ ಹೊಸ ಅಡಿಕೆ, ಇಷ್ಟು ಪಟೋರ, ಸುಲಿಯುವ ಕೂಲಿ ಇಷ್ಟು, ವಾಹನ ಬಾಡಿಗೆ ಇಷ್ಟು, ಉಳಿದದ್ದೆಷ್ಟು? ಈ ಲೆಕ್ಕವನ್ನು ಮಗು ಮನೆಗೆ ಒಯ್ದು ತಂದೆಯ ಬಳಿ ಕೇಳಲಿ. ಇಂದಿನ ಧಾರಣೆಯನ್ನು ಯಾರು ಹೇಳಿದರು ಎಂಬ ಪ್ರಶ್ನೆಯೂ ಆಗ ತಾನಾಗಿಯೇ ಬರುತ್ತದೆ. ಅದಕ್ಕೆ ಉತ್ತರ ಕೊಡುವಾಗ ತಂದೆ ವಾರಣಾಶಿ ಸುಬ್ರಾಯ ಭಟ್ಟರ ಹೆಸರನ್ನು ಒಮ್ಮೆ ಹೇಳಲಿ.