ಮಲ್ಲೇಶ್ವರದ ಮದುವೆ ಹಾಲಿನಿಂದ ವೆಂಬ್ಲಿಗೆ

ಪ್ರಕಾಶ್ ಪಡುಕೋಣೆ ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಮನೆತನದ ಮೂಲ ಕುಂದಾಪುರದ ಹತ್ತಿರದ ಪಡುಕೋಣೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದವರು. ಹಾಗಾಗಿ ಮಗನ ಕೈಗೆ ರ‍್ಯಾಕೆಟ್ ಚಿಕ್ಕಂದಿನಲ್ಲೇ ಬಂತು. ಆಡಲು ಜಾಗ ಮಾತ್ರ ಇರಲಿಲ್ಲ. ಮನೆಗೆ ಹತ್ತಿರದಲ್ಲಿದ್ದ ಕೆನರಾ ಯೂನಿಯನ್‌ನ ಮದುವೆ ಹಾಲೇ ಕೋರ್ಟು. ಹುಡುಗರು ಅಂದು ಅಲ್ಲಿ ಏನಾದರೂ ಸಮಾರಂಭ ಇದೆಯೇ ಎಂದು ವಿಚಾರಿಸುತ್ತಿದ್ದರು. ಇಲ್ಲವೆಂದರೆ ಶಾಲೆ ಬಿಟ್ಟೊಡನೆ ಓಡಿಹೋಗಿ ಮನಸಾರೆ ಆಡುತ್ತಿದ್ದರು. ಇಂದು ಬಡಾವಣೆಗೊಂದರಂತೆ ಒಳಾಂಗಣ ಕೋರ್ಟುಗಳಿರುವ ಬೆಂಗಳೂರಿನಲ್ಲಿ ಇದನ್ನು ನಂಬುವುದೇ ಕಷ್ಟ.

1962ರಲ್ಲಿ, ಏಳನೇ ವಯಸ್ಸಿನಲ್ಲಿ, ಪ್ರಕಾಶ್ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಆಡಿ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿ ಅವರದಾಯಿತು. ಹದಿನಾರರ ಹರೆಯದಲ್ಲಿ ರಾಷ್ಟ್ರೀಯ ಜೂನಿಯರ್ ಮತ್ತು ಸೀನಿಯರ್ ಪ್ರಶಸ್ತಿಗಳೆರಡನ್ನೂ ಒಟ್ಟಿಗೆ ಗೆದ್ದರು. ಅಲ್ಲಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಸಿಂಗಲ್ಸ್ ಪಟ್ಟ ಬೇರೆಯವರ ಕೈಗೆ ಹೋಗಲಿಲ್ಲ. 1972ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದಾಗ ಹೊರದೇಶಗಳಲ್ಲೂ ಅವರ ಹೆಸರು ಹರಡಿತು.

ಪ್ರಕಾಶ್ ಆಟದ ಗುಟ್ಟು ತೋಳ್ಬಲದಲ್ಲಿರಲಿಲ್ಲ, ಮಣಿಕಟ್ಟಿನಲ್ಲಿತ್ತು. ಷಟಲ್ ಕಾಕ್‌ನ ತೂಕ ಹೆಚ್ಚೆಂದರೆ ಐದೂವರೆ ಗ್ರಾಂ. ಅದರ ಹದಿನಾರು ಗರಿಗಳು ಗಾಳಿಯನ್ನು ತಡೆಯುವುದರಿಂದ, ಎಷ್ಟೇ ಜೋರಾಗಿ ಹೊಡೆದರೂ ಕೊನೆಕೊನೆಗೆ ಅದರ ವೇಗ ತಗ್ಗಿಬಿಡುತ್ತದೆ. ಹೀಗಾಗಿ ಈ ಆಟದಲ್ಲಿ ಬಿರುಸಿಗಿರುವಷ್ಟೇ ಬೆಲೆ ಮರೆಮಾಚುವ ಜಾಣ್ಮೆಗೂ ಇದೆ. ಪ್ರಕಾಶ್ ತಲೆಯ ಮೇಲೆ ರ‍್ಯಾಕೆಟ್ ಎತ್ತಿದಾಗ, ಬರುವುದು ಹಿಂದಿನ ಗೆರೆಗೆ ಹೋಗುವ ಟಾಸೋ, ನೆಟ್ ದಾಟುತ್ತಲೇ ಬೀಳುವ ಡ್ರಾಪೋ, ಅರ್ಧ ಬಲದ ಸ್ಮ್ಯಾಷೋ ಎಂಬುದು ಎದುರಾಳಿಗೆ ಕಡೆಯ ಗಳಿಗೆಯವರೆಗೂ ತಿಳಿಯುತ್ತಿರಲಿಲ್ಲ. ಮೂರಕ್ಕೂ ಕೈ ಎತ್ತುವ ರೀತಿ ಒಂದೇ. ಎದುರಾಳಿ ಒಂದು ಹೆಜ್ಜೆ ತಪ್ಪಾಗಿ ಇಟ್ಟರೂ ಸಾಕಿತ್ತು.

1980 ಅವರ ಬದುಕಿನ ದೊಡ್ಡ ವರ್ಷ. ಡೆನ್ಮಾರ್ಕ್ ಓಪನ್ ಮತ್ತು ಸ್ವೀಡಿಷ್ ಓಪನ್ ಗೆದ್ದು ಅವರು ಲಂಡನ್ನಿಗೆ, ಆಲ್ ಇಂಗ್ಲೆಂಡ್ ಆಡಲು ಹೋದರು. ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದೇ 1977ರಲ್ಲಿ. ಅಲ್ಲಿಯವರೆಗೆ ಆಲ್ ಇಂಗ್ಲೆಂಡ್ ಗೆದ್ದವರನ್ನೇ ಲೋಕ ವಿಶ್ವ ಚಾಂಪಿಯನ್ ಎಂದು ಕರೆಯುತ್ತಿತ್ತು. ವೆಂಬ್ಲಿಯ ಫೈನಲ್‌ನಲ್ಲಿ ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ನೆಗೆದು ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು, 1978 ಮತ್ತು 1979ರ ಚಾಂಪಿಯನ್, ಹ್ಯಾಟ್ರಿಕ್‌ಗೆ ಹೊರಟವರು. ಆಗಿನ ನಿಯಮದಲ್ಲಿ ಗೇಮ್‌ಗೆ 15 ಪಾಯಿಂಟ್. ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಎದುರಾಳಿಯ ಸರ್ವಿನಲ್ಲಿ ರ‍್ಯಾಲಿ ಗೆದ್ದರೆ ಸಿಗುತ್ತಿದ್ದುದು ಸರ್ವ್ ಅಷ್ಟೇ. ತಾಳ್ಮೆ ಇದ್ದವರಿಗೆ ಒಗ್ಗುವ ಲೆಕ್ಕವದು. ಪ್ರಕಾಶ್ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಅವರೇ. ಜಗತ್ತಿನ ನಂಬರ್ ಒನ್ ಆಟಗಾರ ಎಂಬ ಮನ್ನಣೆಯೂ ಜೊತೆಗೇ ಬಂತು.

ಮರುವರ್ಷ ಅದೇ ಫೈನಲ್‌ನಲ್ಲಿ ಅದೇ ಕಿಂಗ್ ಎದುರು ಮೊದಲ ಗೇಮ್ ಗೆದ್ದೂ ಅವರು ಸೋತರು. ಆದರೆ 1981ರಲ್ಲೇ ಇನ್ನೊಂದು ಗೆಲುವು ಕಾದಿತ್ತು. ಚೀನಾದ ಆಟಗಾರರು ಅಲ್ಲಿಯವರೆಗೆ ಅಂತರರಾಷ್ಟ್ರೀಯ ಫೆಡರೇಷನ್‌ನ ಹೊರಗಿದ್ದರು. ಆಲ್ ಇಂಗ್ಲೆಂಡ್‌ಗೂ ಬರುತ್ತಿರಲಿಲ್ಲ. ಅವರು ಆ ವರ್ಷ ಒಳಗೆ ಬಂದರು. ಕ್ವಾಲಾಲಂಪುರದಲ್ಲಿ ನಡೆದ ಮೊದಲ ವಿಶ್ವಕಪ್‌ನ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು ಪ್ರಕಾಶ್ 15-0, 18-16ರಿಂದ ಮಣಿಸಿದರು. ವೆಂಬ್ಲಿಯ ಗೆಲುವಿನಷ್ಟು ಇದು ಜನರ ನೆನಪಿನಲ್ಲಿ ಉಳಿದಿಲ್ಲ. ತೂಕ ಹಾಕಿದರೆ ಇದೇನೂ ಕಡಿಮೆಯದಲ್ಲ.

ಭಾರತದಲ್ಲೇ ಇದ್ದು ಆ ಮಟ್ಟದ ಆಟ ಉಳಿಸಿಕೊಳ್ಳುವುದು ಆಗ ಸಾಧ್ಯವಿರಲಿಲ್ಲ. ಸರಿಸಮನಾಗಿ ಆಡುವ ಜೊತೆಗಾರರು ಬೇಕಿತ್ತು, ಮೇಲಿಂದ ಮೇಲೆ ಟೂರ್ನಿಗಳು ಬೇಕಿತ್ತು. ಹೀಗಾಗಿ ಪ್ರಕಾಶ್ ಕೋಪನ್‌ಹೇಗನ್‌ನಲ್ಲಿ ನೆಲೆಸಿ ಮಾರ್ಟನ್ ಫ್ರಾಸ್ಟ್ ಅವರಂಥವರ ಜೊತೆ ಅಭ್ಯಾಸ ಮಾಡಿದರು. 1982ರಲ್ಲಿ ಪದ್ಮಶ್ರೀ ಸಂದಿತು. 1983ರಲ್ಲಿ ಕೋಪನ್‌ಹೇಗನ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 1991ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ನ ಪದಕದ ಪಟ್ಟಿಗೆ ಸೇರಿದ್ದು 1992ರಲ್ಲಿ. ಅಷ್ಟು ದೊಡ್ಡ ಆಟಗಾರನಿಗೆ ಒಲಿಂಪಿಕ್ ಪದಕಕ್ಕಾಗಿ ಆಡುವ ಅವಕಾಶವೇ ದಕ್ಕಲಿಲ್ಲ ಎಂಬುದು ನೋವಿನ ಸಂಗತಿ.

ತಮಗೆ ಸಿಗದಿದ್ದ ಕೋರ್ಟು, ಕೋಚು, ಜೊತೆಗಾರರು ಮುಂದಿನವರಿಗಾದರೂ ಸಿಗಲಿ ಎಂದು ಅವರು 1994ರಲ್ಲಿ ವಿಮಲ್ ಕುಮಾರ್ ಅವರೊಂದಿಗೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು ಸೋಲಿಸಿ, ಆಲ್ ಇಂಗ್ಲೆಂಡ್ ಗೆದ್ದ ಎರಡನೇ ಭಾರತೀಯರಾದರು.