ಬಾಲ್ಡರ್ಸ್ ಗೇಟಿನ ಪ್ರಕ್ಷೇಪಕಾರರು

ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯವರು ರಚಿಸಿ, 1998ರ ಡಿಸೆಂಬರಿನಲ್ಲಿ ಐದು ಸಿ.ಡಿ.ಗಳಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್’ ಎಂಬ ಕಂಪ್ಯೂಟರ್ ಆಟವೂ, 2000ದಲ್ಲಿ ಬಂದ ಅದರ ಎರಡನೆಯ ಭಾಗವೂ, 2001ರಲ್ಲಿ ಉತ್ತರಕಾಂಡದಂತೆ ಬಂದ ‘ಥ್ರೋನ್ ಆಫ್ ಭಾಲ್’ ಎಂಬುದೂ ಕೂಡಿ ಒಂದೇ ಸುದೀರ್ಘ ಕಥೆಯಾಗಿದೆ. ಗ್ರಂಥಾಲಯವೇ ಕೋಟೆಯಾದ ಕ್ಯಾಂಡಲ್‌ಕೀಪಿನಲ್ಲಿ ಬೆಳೆದ ಅನಾಥಶಿಶುವು ತಾನು ಹತ್ಯೆಯ ಅಧಿದೇವತೆಯ ಸಂತಾನವೆಂದರಿತು, ಆ ರಕ್ತದ ಕರೆಗೆ ಓಗೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದ ಕಥೆ ಅದು. ಸಂಸ್ಥೆಯು ಅಲ್ಲಿಗೆ ನಿಲ್ಲಿಸಿದ ಕಾರ್ಯವನ್ನು ಅಂದಿನಿಂದ ಇಂದಿನವರೆಗೆ ಮುಂದುವರಿಸಿಕೊಂಡು ಬಂದವರು ಆಟಗಾರರೇ. ಅವರು ಪ್ರತಿಫಲಾಪೇಕ್ಷೆಯಿಲ್ಲದೆ ರಚಿಸಿ ಹಂಚುವ ತಿದ್ದುಪಡಿಗಳಿಗೂ ಸೇರ್ಪಡೆಗಳಿಗೂ ಮಾಡ್‌ಗಳೆಂದು ಹೆಸರು.

ನಮ್ಮ ಪ್ರಾಚೀನ ಕಾವ್ಯಗಳ ಓಲೆಪ್ರತಿಗಳಲ್ಲಿ ಯಾರೋ ಹೆಸರಿಲ್ಲದೆ ಸೇರಿಸಿದ ಪದ್ಯಗಳನ್ನು ಗುರುತಿಸಿ ಬೇರ್ಪಡಿಸಲು ಸಂಪಾದಕರು ಪಟ್ಟ ಶ್ರಮವನ್ನು ಬಲ್ಲವರಿಗೆ ಈ ವಿದ್ಯೆಯ ವೈಶಿಷ್ಟ್ಯವು ಕೂಡಲೇ ಹೊಳೆದೀತು: ಇಲ್ಲಿ ಪ್ರಕ್ಷೇಪವು ತನ್ನ ಕರ್ತೃವಿನ ಹೆಸರನ್ನು ಹೊತ್ತೇ ಬರುತ್ತದೆ; ಬೇಡವೆಂದಾಗ ಮೂಲಕ್ಕೆ ಭಂಗ ತಾರದೆ ನಿರ್ಗಮಿಸುತ್ತದೆ. ಈ ಸೌಜನ್ಯವು ಮೊದಲಿನಿಂದ ಇದ್ದುದಲ್ಲ. ಆಟದ ಸಾಮಗ್ರಿಯೆಲ್ಲವೂ ಕೆಲವು ಬೃಹತ್ ಫೈಲುಗಳಲ್ಲಿ ಅಡಕವಾಗಿದ್ದು, ‘ಓವರ್‌ರೈಡ್’ ಎಂಬ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲೊಂದನ್ನಿಟ್ಟರೆ ಆಟವು ಮೂಲವನ್ನು ಬಿಟ್ಟು ಅದನ್ನೇ ಓದುತ್ತದೆ. ಆದರೆ ಪಾತ್ರಗಳ ಸಮಸ್ತ ಸಂಭಾಷಣೆಯೂ, ಸಾಲುಸಾಲಿಗೆ ಸಂಖ್ಯೆ ಪಡೆದು, ಒಂದೇ ಫೈಲಿನಲ್ಲಿ ನೆಲೆಸಿರುವುದರಿಂದ, ಆ ಫೈಲನ್ನೇ ಬದಲಿಸುವ ಎರಡು ಮಾಡ್‌ಗಳು ಒಂದೆಡೆ ಬಾಳಲಾರದೆ, ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತಿತ್ತು. ಈ ಕಷ್ಟವನ್ನು ಪರಿಹರಿಸಿದ್ದು ವೆಸ್ಟ್‌ಲಿ ವೈಮರ್ ಎಂಬವರು ರಚಿಸಿದ ‘ವೈಡು’ ಎಂಬ ಉಪಕರಣ. ಅದು ಹೊಸ ಸಾಲುಗಳನ್ನು ಕೊನೆಗೆ ಸೇರಿಸಿ ಅವುಗಳಿಗೆ ಸಂಖ್ಯೆಯನ್ನು ಇನ್‌ಸ್ಟಾಲ್ ಮಾಡುವ ಕ್ಷಣದಲ್ಲಿಯೇ ನಿಗದಿಪಡಿಸುತ್ತದೆ. ಇದ್ದ ಫೈಲನ್ನು ತೆಗೆದೊಗೆಯದೆ, ಬೇಕಾದಷ್ಟನ್ನು ಮಾತ್ರ ತಿದ್ದುತ್ತದೆ. ಮಾಡಿದ್ದೆಲ್ಲವನ್ನೂ ಲಾಗ್ ಫೈಲಿನಲ್ಲಿ ಅನುಕ್ರಮವಾಗಿ ಬರೆದಿಡುತ್ತದೆ. ಮಧ್ಯದ ಒಂದು ಮಾಡ್ ಬೇಡವಾದರೆ ಅದರ ತರುವಾಯ ಬಂದವುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಅದನ್ನು ತೆಗೆದು, ಉಳಿದವನ್ನು ಪುನಃ ಅದೇ ಕ್ರಮದಲ್ಲಿ ಕಟ್ಟುತ್ತದೆ. ಈ ಉಪಕರಣವಿಲ್ಲದಿದ್ದರೆ ಇಷ್ಟು ಜನರ ಕೃತಿಗಳು ಒಂದೇ ಆಟದೊಳಗೆ ಸಹಬಾಳ್ವೆ ನಡೆಸುವುದು ಅಸಾಧ್ಯವಾಗುತ್ತಿತ್ತು.

ಇನ್ನು ಯಾವ ಮಾಡ್‌ಗಳನ್ನು ಸೇರಿಸಬೇಕೆಂಬ ಆಯ್ಕೆಯೇ ಕಠಿನವಾದುದು. ನೂರಾರು ಮಾಡ್‌ಗಳನ್ನು ಒಟ್ಟಿಗೆ ತುಂಬಿಸುವ ಉತ್ಸಾಹಿಗಳಿದ್ದಾರೆ. ಅಂತಹ ಆಟದಲ್ಲಿ ಯಾವ ಲೇಖಕನ ಧ್ವನಿಯೂ ಸ್ಪಷ್ಟವಾಗಿ ಕೇಳಿಸಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ದೋಷಪರಿಹಾರದ ‘ಫಿಕ್ಸ್‌ಪ್ಯಾಕ್’ ಮೊದಲು ಸಲ್ಲತಕ್ಕದ್ದು, ಅದರಲ್ಲಿ ವಾದವಿಲ್ಲ. ಬಳಿಕ ‘ಅನ್‌ಫಿನಿಶ್ಡ್ ಬಿಸಿನೆಸ್’ ಎಂಬುದನ್ನು ಹೆಸರಿಸುತ್ತೇನೆ: ಎರಡನೆಯ ಭಾಗದಲ್ಲಿ ಅಪೂರ್ಣವಾಗಿ ಕೈಬಿಡಲ್ಪಟ್ಟಿದ್ದ ಪ್ರಸಂಗಗಳನ್ನು, ಮಿನ್‌ಸ್ಕ್ ಎಂಬ ಯೋಧನ ಪ್ರಾಣಪ್ರಿಯ ಹ್ಯಾಮ್‌ಸ್ಟರ್ ‘ಬೂ’ ಅಪಹೃತವಾಗುವ ಕಥೆಯೂ ಸೇರಿದಂತೆ, ಅದು ಪೂರ್ಣಗೊಳಿಸಿಕೊಡುತ್ತದೆ. ಹೊಸ ಸಂಗಾತಿಗಳನ್ನು ತರುವ ಮಾಡ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಂದವನು ಎಷ್ಟು ಬಲಶಾಲಿ ಎಂದು ಕೇಳುವುದಕ್ಕಿಂತ, ಅವನ ಮಾತು ಮೂಲ ಆಟದ ಸಂಗಾತಿಯಾದ ಜಹೈರಾಳ ಕಠೋರವಾದ ವಾತ್ಸಲ್ಯದ ಎದುರು ನಿಂತು ಸಹಜವೆನಿಸೀತೇ ಎಂದು ಪರೀಕ್ಷಿಸುವುದೇ ಲೇಸು. ‘ಸೋರ್ಡ್ ಕೋಸ್ಟ್ ಸ್ಟ್ರಾಟಜೆಮ್ಸ್’ ಶತ್ರುಗಳಿಗೆ ಬುದ್ಧಿಯನ್ನು ಕೊಡುವಂಥದು. ಮಂತ್ರವಾದಿಗಳು ಸಕಾಲದಲ್ಲಿ ರಕ್ಷೆಯನ್ನು ಧರಿಸುತ್ತಾರೆ, ನಮ್ಮ ರಕ್ಷೆಯನ್ನು ಹರಿದುಹಾಕುತ್ತಾರೆ. ಆಗಲೇ ಆಟದಲ್ಲಿ ಸೇರಿರುವ ಜೀವಿಗಳನ್ನು ಪರಿಶೀಲಿಸಿ ಅದು ತನ್ನ ಕಾರ್ಯವನ್ನು ನಡೆಸುವುದರಿಂದ, ಅದಕ್ಕೆ ಪಟ್ಟಿಯ ಕೊನೆಯ ಭಾಗದಲ್ಲಿಯೇ ಸ್ಥಾನ.

ಇನ್‌ಸ್ಟಾಲ್ ಮಾಡುವವನು ಆಟದ ಶುದ್ಧ ಪ್ರತಿಯೊಂದನ್ನು ಬೇರೆಡೆ ಕಾದಿರಿಸಿ, ವಿಂಡೋಸಿನ ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರಿನ ಹೊರಗೆ ಇನ್ನೊಂದು ಪ್ರತಿಯಲ್ಲಿ ಕೆಲಸ ನಡೆಸತಕ್ಕದ್ದು. 2012ರಿಂದ ಬೀಮ್‌ಡಾಗ್ ಸಂಸ್ಥೆಯವರು ಹೊರತಂದ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಕೈಯಲ್ಲಿರುವವರು, ಮಾಡ್ ಆ ಆವೃತ್ತಿಗೆ ಒಗ್ಗುವುದೇ ಎಂದು ‘ರೀಡ್‌ಮಿ’ಯಲ್ಲಿ ಮೊದಲೇ ಓದಿಕೊಳ್ಳಬೇಕು. ಒಮ್ಮೆ ಕಾಲಿಟ್ಟ ಪ್ರದೇಶಗಳು ಆಗಿನ ಸ್ಥಿತಿಯಲ್ಲಿಯೇ ಸೇವ್ ಫೈಲಿನಲ್ಲಿ ಉಳಿಯುವುದರಿಂದ, ಅರ್ಧ ಆಡಿದ ಆಟಕ್ಕೆ ಮಾಡ್ ಸೇರಿಸಿದರೆ ಅದರ ಪ್ರಸಂಗಗಳು ಅಲ್ಲಿ ಕಾಣಿಸಿಕೊಳ್ಳಲಾರವು, ಹೊಸದಾಗಿಯೇ ಆರಂಭಿಸಬೇಕು.

ಇವೆಲ್ಲಕ್ಕೂ ಮಿಗಿಲಾಗಿ ನಾನು ಗೌರವಿಸುವುದು ‘ಅಸೆನ್ಷನ್’ ಎಂಬ ಮಾಡನ್ನು. ಎರಡನೆಯ ಭಾಗದ ಲೇಖಕರಲ್ಲೊಬ್ಬರಾದ ಡೇವಿಡ್ ಗೈಡರ್ ಅವರು, ‘ಥ್ರೋನ್ ಆಫ್ ಭಾಲ್’ನ ಅಂತ್ಯವು ತಮ್ಮ ಮನಸ್ಸಿನ ಅಂತ್ಯಕ್ಕೆ ಸಮೀಪಿಸುವಂತೆ ಅದನ್ನು ಅನಧಿಕೃತವಾಗಿ ತಾವೇ ಪುನಾರಚಿಸಿದರು. ಶತ್ರುವಾಗಿಯೇ ಮಡಿಯಬೇಕಾಗಿದ್ದ ಬಾಲ್ತಜಾರನೆಂಬ ಸನ್ಯಾಸಿಯನ್ನು ಸಮರ್ಥವಾದ ಮಾತಿನಿಂದ ನಮ್ಮ ಪಕ್ಷಕ್ಕೆ ಒಲಿಸಿಕೊಳ್ಳುವ ಮಾರ್ಗ ಅಲ್ಲಿ ತೆರೆದಿದೆ. ಅಂತಿಮ ಯುದ್ಧವೋ, ಮೂಲಕ್ಕಿಂತ ಬಹಳ ಹೆಚ್ಚು ದಾರುಣ. ಆದರೂ ಮೊದಲ ಬಾರಿಗೆ ಆಡುವವರು ಅದನ್ನು ಸೇರಿಸಬಾರದೆಂದೇ ನನ್ನ ವಿನಂತಿ. ಮೂಲದ ಮುಕ್ತಾಯವನ್ನು ಕಂಡವರಿಗೆ ಮಾತ್ರ, ಒಬ್ಬ ಲೇಖಕನು ಅದರಲ್ಲಿ ಏನನ್ನು ತಿದ್ದಲು ಬಯಸಿದನೆಂಬುದು ಅರ್ಥವಾಗುತ್ತದೆ.