ನಿಮಗಿದು ಗೊತ್ತೆ? ಸರಹದ್ದಿನಾಚೆಯ ಪೇಟೆ

ಒಡೆಯರಪಾಳ್ಯ, ಹನೂರು ಕಡೆಯವರು ಮೈಸೂರಿಗೆ ಹೋದರೆ ಒಂದು ಸುತ್ತು ಹಾಕುವ ದೇವರಾಜ ಮಾರುಕಟ್ಟೆಗೆ ಈಗಿನ ರೂಪ ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. ಹೆಸರು ಮಾತ್ರ 17ನೇ ಶತಮಾನದ ದೊಡ್ಡ ದೇವರಾಜ ಒಡೆಯರದು. ಚಿಕ್ಕಗಡಿಯಾರದಿಂದ ಧನ್ವಂತರಿ ರಸ್ತೆವರೆಗೆ ಚಾಚಿದ ಸಾಲುಗಳಲ್ಲಿ ಇಂದಿಗೂ ಮಲ್ಲಿಗೆಗೆ ಮೊಳದ ಅಳತೆ. ಕುಂಕುಮ, ಬಣ್ಣದ ಪುಡಿ ತಟ್ಟೆಗಳಲ್ಲಿ ಗೋಪುರದಂತೆ ನಿಂತಿರುತ್ತವೆ. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಸ್ವಾರಸ್ಯ ಬೇರೆಯೇ ಇದೆ: ಒಡೆಯರಪಾಳ್ಯ, ಹನೂರು ಸೇರಿದ್ದ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಅಜ್ಜಂದಿರು ಮೈಸೂರು ವೀಳ್ಯದೆಲೆಯನ್ನು ಈ ಮಾರುಕಟ್ಟೆಯಲ್ಲೇ ಕೊಳ್ಳಬೇಕೆಂದರೆ ಸರಹದ್ದು ದಾಟಿಯೇ ಹೋಗಬೇಕಿತ್ತು!